ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದು ಹಗಲಿನಲ್ಲಿ ಬೆಂಗಳೂರಿನ ಕಲಾಪ್ರದರ್ಶನಗಳು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿ. ಪಿಯುಸಿ ಓದುತ್ತಿರುವ ಮಗಳೊಂದಿಗೆ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು, ಮರುದಿನ ರಾತ್ರಿಯ ರೈಲಿಗೇ ಹಿಂತಿರುಗಬೇಕಾಗಿದೆ. ಆ ಒಂದು ಹಗಲಿನಲ್ಲಿ ಯಾವ ಕಲಾಪ್ರದರ್ಶನಗಳನ್ನು, ಯಾವ ಕ್ರಮದಲ್ಲಿ ನೋಡಬಹುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ವಾರವನ್ನು ಗಮನಿಸಿ. ಸೋಮವಾರ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯಕ್ಕೂ ರಜೆ ಇರುವುದರಿಂದ, ಮಂಗಳವಾರದಿಂದ ಶುಕ್ರವಾರದೊಳಗಿನ ದಿನವನ್ನು ಆರಿಸಿಕೊಳ್ಳುವುದು ಕ್ಷೇಮ. ಎಷ್ಟು ಸ್ಥಳ ನೋಡಿದೆವು ಎಂಬ ಲೆಕ್ಕವನ್ನು ಬಿಟ್ಟುಬಿಡಿ. ನಮ್ಮ ದೃಷ್ಟಿಯಲ್ಲಿ ಒಂದು ದಿನಕ್ಕೆ ಮೂರು ಸ್ಥಳಗಳು ಸಾಕು. ನಾಲ್ಕನೆಯದಕ್ಕೆ ಹೋಗುವ ಹೊತ್ತಿಗೆ ಕಾಲಿಗಿಂತ ಮೊದಲು ಕಣ್ಣು ದಣಿದಿರುತ್ತದೆ.

ರೈಲು ನಿಲ್ದಾಣಕ್ಕೆ ಹತ್ತಿರವಿರುವ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಆರಂಭಿಸಿ. 1960ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಎಂ. ಎಸ್. ನಂಜುಂಡರಾವ್ ಅವರು ಮೈಸೂರು ಸಾಂಪ್ರದಾಯಿಕ ಚಿತ್ರಗಳನ್ನೂ ತೊಗಲುಗೊಂಬೆಗಳನ್ನೂ ಆಸಕ್ತಿಯಿಂದ ಸಂಗ್ರಹಿಸಿದರು. ಚಿತ್ರಕಲೆ ಕಲಿಸುವವರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೆಂದರೆ ಇದೇ. ತಂಜಾವೂರು ಚಿತ್ರಗಳಲ್ಲಿ ಹೊಳೆಯುವ ಹರಳುಗಳೂ ದಪ್ಪನೆಯ ಉಬ್ಬುಗೆಲಸವೂ ಎದ್ದು ಕಂಡರೆ, ಮೈಸೂರು ಶೈಲಿಯಲ್ಲಿ ಚಿನ್ನದ ರೇಕಿನ ಕೆಳಗಿನ ಉಬ್ಬು ತೀರ ತೆಳುವಾಗಿದ್ದು, ಆಭರಣದ ಒಂದೊಂದು ಮಣಿಯೂ ಸೆರಗಿನ ಅಂಚೂ ನವಿರಾದ ರೇಖೆಯಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಅಚ್ಚಾದ ಪುಸ್ತಕದಲ್ಲಿ ಈ ವ್ಯತ್ಯಾಸ ಸರಿಯಾಗಿ ಹಿಡಿಯಸಿಗುವುದಿಲ್ಲ. ಚೌಕಟ್ಟಿನ ಮುಂದೆ ಸ್ವಲ್ಪ ಓರೆಯಾಗಿ ನಿಂತು, ಬೆಳಕು ಚಿನ್ನದ ಮೇಲೆ ಜಾರುವಂತೆ ನೋಡಬೇಕು. ಅಲ್ಲಿಂದ ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಕ್ ಮತ್ತು ಅವರ ಮಗ ಸ್ವೆಟೊಸ್ಲಾವ್ ರೋರಿಕ್ ಅವರ ಚಿತ್ರಗಳಿಗೆ ಬಂದರೆ, ಹಿಮಾಲಯದ ನೀಲಿ ಮತ್ತು ನೇರಳೆ ಬಣ್ಣಗಳು ಬೇರೆಯೇ ಲೋಕವನ್ನು ತೆರೆಯುತ್ತವೆ. ಪತ್ನಿ ದೇವಿಕಾ ರಾಣಿಯವರೊಂದಿಗೆ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಬದುಕಿದ ಸ್ವೆಟೊಸ್ಲಾವ್ ಅವರನ್ನು ಹೊರಗಿನವರೆಂದು ಹೇಳಲು ಮನಸ್ಸು ಬಾರದು. ಪರಿಷತ್ತಿನ ಆವರಣದಲ್ಲಿ ಆಗಾಗ ಕರಕುಶಲ ಮೇಳಗಳೂ ನಡೆಯುತ್ತಿರುತ್ತವೆ. ಮೊದಲು ಸೀರೆಯ ಮಳಿಗೆಯ ಮುಂದೆ ನಿಂತವರಿಗೆ ಆಮೇಲೆ ಚಿತ್ರಗಳಿಗೆ ಹೊತ್ತು ಉಳಿಯುವುದಿಲ್ಲವೆಂಬುದನ್ನು ನೆನಪಿನಲ್ಲಿಡಿ.

ಮಧ್ಯಾಹ್ನ ಆಟೋದಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ. ದೆಹಲಿಯಲ್ಲಿ 1954ರಲ್ಲೂ ಮುಂಬೈನಲ್ಲಿ 1996ರಲ್ಲೂ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು 2009ರಲ್ಲಿ ಬೆಂಗಳೂರಿನ ಈ ಹಳೆಯ ಬಂಗಲೆಯಲ್ಲಿ ಬಾಗಿಲು ತೆರೆಯಿತು. ಪ್ರವೇಶ ಶುಲ್ಕ ಅಲ್ಪವೇ. ಇಲ್ಲಿ ಎಲ್ಲ ಕೋಣೆಗಳನ್ನೂ ಮುಗಿಸಲೇಬೇಕೆಂಬ ಹಟ ಬೇಡ. ಬಂಗಾಳದ ಕಲಾವಿದರ ಚಿತ್ರಗಳು ಪ್ರದರ್ಶನದಲ್ಲಿದ್ದರೆ ಅವುಗಳನ್ನು ಬಿಡಬೇಡಿ. ನಮ್ಮ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು; ಗುರುವಿನ ಬಳಗದ ಬಣ್ಣಗಾರಿಕೆಯನ್ನು ನೋಡಿಕೊಂಡು ಹೋದರೆ ಶಿಷ್ಯರ ಊಟಿ ಮತ್ತು ಕೊಡೈಕನಾಲ್ ಜಲವರ್ಣಗಳು ಇನ್ನಷ್ಟು ಅರ್ಥವಾಗುತ್ತವೆ. ಆ ಜಲವರ್ಣಗಳಿರುವುದು ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ. ಹೊತ್ತೂ ಕಣ್ಣಿಗೆ ಚೈತನ್ಯವೂ ಉಳಿದಿದ್ದರೆ ಮಾತ್ರ ಅಲ್ಲಿಗೆ ಹೋಗಿ. ದುರಸ್ತಿಯ ಕಾರಣಕ್ಕೆ ಇಂಥ ಕಟ್ಟಡಗಳು ಮುಚ್ಚಿರುವುದುಂಟಾದ್ದರಿಂದ, ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಿ.

ಸಂಜೆಗೆ ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಆರಂಭವಾದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವಿದೆ. ‘ಮ್ಯಾಪ್’ ಎಂದರೆ ಆಟೋದವರಿಗೂ ಗುರುತು ಸಿಕ್ಕೀತು. ಅದರ ಸಂಗ್ರಹದಲ್ಲಿ ಚಿತ್ರಗಳ ಜೊತೆಗೆ ಹಳೆಯ ಫೋಟೊಗಳು, ಬಟ್ಟೆಗಳು, ಸಿನಿಮಾ ಪೋಸ್ಟರ್‌ಗಳೂ ಇರುವುದರಿಂದ ನಿಮ್ಮ ಮಗಳಿಗೆ ಇದೇ ಹೆಚ್ಚು ಹಿಡಿಸಿದರೆ ಆಶ್ಚರ್ಯವಿಲ್ಲ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇದ್ದು, ಅಲ್ಲಿಂದ ನೇರಳೆ ಮಾರ್ಗದ ರೈಲು ನಿಮ್ಮನ್ನು ಮೆಜೆಸ್ಟಿಕ್ಕಿಗೆ ಬೇಗ ತಲುಪಿಸುತ್ತದೆ.

ಪ್ರಶ್ನೆ: ಖಾಸಗಿ ಗ್ಯಾಲರಿಗಳ ಗಾಜಿನ ಬಾಗಿಲನ್ನು ಕಂಡರೆ ಒಳಗೆ ಹೋಗಲು ಸಂಕೋಚವಾಗುತ್ತದೆ. ಕೊಳ್ಳುವ ಶಕ್ತಿಯಿಲ್ಲದವರನ್ನು ಒಳಗೆ ಬಿಡುತ್ತಾರೆಯೇ?
– ಪದವಿ ವಿದ್ಯಾರ್ಥಿ, ತುಮಕೂರು

ಉತ್ತರ: ಧಾರಾಳವಾಗಿ ಹೋಗಿ. ಸಾಮಾನ್ಯವಾಗಿ ಇಲ್ಲಿ ಟಿಕೆಟ್ ಇರುವುದಿಲ್ಲ, ಕೊಳ್ಳುತ್ತೀರಾ ಎಂದು ಯಾರೂ ಕೇಳುವುದೂ ಇಲ್ಲ. ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರು, ಮಾಧ್ಯಮ, ಅಳತೆ ಇರುತ್ತವೆ. ಚೀಟಿಯ ಬಳಿ ಕೆಂಪು ಚುಕ್ಕೆ ಅಂಟಿಸಿದ್ದರೆ ಆ ಕೃತಿ ಮಾರಾಟವಾಗಿದೆ ಎಂದು ತಿಳಿಯಬೇಕು. ಏಕವ್ಯಕ್ತಿ ಪ್ರದರ್ಶನವಾದರೆ ಹಲವು ವೇಳೆ ಕಲಾವಿದರೇ ಒಂದು ಮೂಲೆಯಲ್ಲಿ ಕುಳಿತಿರುತ್ತಾರೆ. ಅವರನ್ನು ‘ಇದರ ಅರ್ಥವೇನು’ ಎಂದು ಕೇಳುವುದಕ್ಕಿಂತ, ಈ ಬಣ್ಣವನ್ನು ಹೇಗೆ ತಂದಿರಿ, ಮೊದಲು ಬರೆದದ್ದು ಯಾವ ಭಾಗ ಎಂದು ಕೇಳಿ ನೋಡಿ. ಮಾತು ತಾನಾಗಿ ಬೆಳೆಯುತ್ತದೆ. ಫೋಟೊ ತೆಗೆಯುವ ಮುನ್ನ ಮಾತ್ರ ಅನುಮತಿ ಪಡೆಯಿರಿ.

ಪ್ರಶ್ನೆ: ಚಿತ್ರಸಂತೆಯ ದಿನವೇ ಬಂದು ಉಳಿದ ಗ್ಯಾಲರಿಗಳನ್ನೂ ನೋಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಆ ಆಸೆಯನ್ನು ಬಿಡುವುದೇ ಒಳ್ಳೆಯದು. ಚಿತ್ರಸಂತೆಯು ಜನವರಿಯ ಒಂದು ಭಾನುವಾರ ನಡೆಯುತ್ತದೆ. ಅಂದು ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಲ್ಲಿಸಿ, ಬೇರೆ ಬೇರೆ ರಾಜ್ಯಗಳಿಂದ ಬಂದ ಕಲಾವಿದರು ಇಕ್ಕೆಲಗಳಲ್ಲೂ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಆ ಸಂತೆಯೊಂದನ್ನೇ ನೆಟ್ಟಗೆ ನೋಡಲು ಒಂದು ದಿನ ಸಾಲದು. ಹತ್ತು ಗಂಟೆಯ ಮೊದಲೇ ಬಂದರೆ ಚಿತ್ರಗಳು ಕಾಣುತ್ತವೆ, ಮಧ್ಯಾಹ್ನದ ಮೇಲೆ ಬಂದರೆ ಜನರ ಬೆನ್ನುಗಳು. ಕೆಲವು ನೂರು ರೂಪಾಯಿಗೂ ಚಿತ್ರಗಳು ದೊರೆಯುತ್ತವೆ. ಬಸ್ಸಿನಲ್ಲಿ ಹಿಂತಿರುಗುವವರು ಚೌಕಟ್ಟಿಲ್ಲದ ಕ್ಯಾನ್ವಾಸನ್ನು ಕೊಂಡು, ಬಣ್ಣದ ಬದಿ ಹೊರಗೆ ಬರುವಂತೆ ಸಡಿಲವಾಗಿ ಸುತ್ತಿಸಿಕೊಂಡರೆ ಬಣ್ಣ ಬಿರಿಯುವ ಅಪಾಯ ಕಡಿಮೆ.