ಕುಂಬಳದ ಸಸಿಯಲ್ಲಿ ಮೊದಲು ಬರುವ ಎರಡು ಎಲೆ ಯಾವುದು?

ಪಲ್ಯಕ್ಕೆ ತಂದ ಸಿಹಿಗುಂಬಳದ ಬೀಜವನ್ನೇ ಕುಂಡದಲ್ಲಿ ಹಾಕಿದ್ದೀರಿ, ನಾಲ್ಕು ಸಸಿ ಎದ್ದಿವೆ. ಎಲೆ ದಪ್ಪಗೆ ನುಣ್ಣಗೆ ಇದೆ, ಕುಂಬಳದ ಎಲೆ ತರ ಇಲ್ಲ, ಬೇರೆ ಏನೋ ಹುಟ್ಟಿದೆಯಾ ಅಂತ ಕೇಳಿದ್ದೀರಿ. ಒಂದು ಸಸಿಯ ತಲೆ ಮೇಲೆ ಬೀಜದ ಸಿಪ್ಪೆ ಹಾಗೇ ಕೂತಿದೆ, ಕೀಳಬಹುದಾ ಅನ್ನೋದು ಎರಡನೇ ಪ್ರಶ್ನೆ.

ಗಾಬರಿ ಬೇಡ, ಅದು ಕುಂಬಳವೇ. ನೀವು ನೋಡುತ್ತಿರುವುದು ನಿಜವಾದ ಎಲೆಯಲ್ಲ, ಬೇಳೆ. ತೊಗರಿ ಬೇಳೆ, ಕಡಲೆ ಬೇಳೆ ಅಂತೀವಲ್ಲ, ಅದೇ ಬೇಳೆ. ಒಂದು ಕುಂಬಳದ ಬೀಜ ಸುಲಿದು ತಿರುಳನ್ನು ಉಗುರಲ್ಲಿ ಬಿಡಿಸಿ ನೋಡಿ, ಎರಡು ಚಪ್ಪಟೆ ಹೋಳಾಗುತ್ತದೆ. ಆ ಎರಡು ಹೋಳೇ ಮಣ್ಣಿನಿಂದ ಮೇಲೆದ್ದು, ಬಿಸಿಲು ಕಂಡು ಹಸಿರಾಗಿ, ಅಗಲವಾಗಿ ನಿಮ್ಮ ಕುಂಡದಲ್ಲಿ ನಿಂತಿರೋದು. ತೊಗರಿಯ ಬೇಳೆ ಮಣ್ಣಿನೊಳಗೇ ಉಳಿಯುತ್ತದೆ. ಕುಂಬಳ, ಸೌತೆ, ಹೀರೆ ಇವೆಲ್ಲ ಬೇಳೆಯನ್ನು ಮೇಲಕ್ಕೆ ಹೊತ್ತು ತರುತ್ತವೆ. ಬೇರು ಸರಿಯಾಗಿ ಇಳಿಯುವ ತನಕ ಸಸಿಗೆ ಊಟ ಅಲ್ಲಿಂದಲೇ.

ನಿಜವಾದ ಎಲೆ ಈ ಎರಡರ ನಡುವಿನಿಂದ ಬರುತ್ತದೆ. ಮೊದಲು ಬೆಳ್ಳನೆ ರೋಮದ ಒಂದು ಚಿಕ್ಕ ಮುದ್ದೆ ತರ ಕಾಣುತ್ತದೆ, ಕೆಲವೇ ದಿನದಲ್ಲಿ ಬಿಚ್ಚಿಕೊಳ್ಳುತ್ತದೆ. ಮುಟ್ಟಿದರೆ ಒರಟು, ಅಂಚು ಅಂಕುಡೊಂಕು. ನಮ್ಮ ಕಡೆ ಜಾಸ್ತಿ ಬೆಳೆಯುವ ಸಿಹಿಗುಂಬಳದಲ್ಲಿ ಎಲೆಯ ನರ ಕೂಡುವಲ್ಲಿ ಬಿಳಿ ಮಚ್ಚೆ ಇರುತ್ತದೆ, ಅದನ್ನು ರೋಗ ಅಂದುಕೊಂಡು ಔಷಧ ಹೊಡೆಯಬೇಡಿ. ನಾಲ್ಕೈದು ಎಲೆ ಆದ ಮೇಲೆ ಬೇಳೆ ಹಳದಿಯಾಗಿ ಒಣಗಿ ಬಿದ್ದರೆ ಅದರ ಕೆಲಸ ಮುಗಿಯಿತು ಅಂತ ಅರ್ಥ. ಈಗಲೇ ಹಳದಿಯಾದರೆ ಮಾತ್ರ ನೀರು ಜಾಸ್ತಿ ಆಗಿದೆಯಾ ನೋಡಿ. ಹೆಚ್ಚಿನ ಸಲ ಅದೇ ಕಾರಣ.

ಇನ್ನು ಸಿಪ್ಪೆ. ಒಣಗಿದಾಗ ಖಂಡಿತ ಕೀಳಬೇಡಿ, ಬೇಳೆ ಹರಿದು ಬರುತ್ತದೆ. ಬೆರಳಲ್ಲಿ ನೀರು ಹನಿಸಿ, ಅಥವಾ ಒದ್ದೆ ಹತ್ತಿ ಸುತ್ತಿ ಒಂದರ್ಧ ಗಂಟೆ ಬಿಡಿ. ಮೆತ್ತಗಾದ ಮೇಲೆ ಎರಡು ಬದಿಯಿಂದ ಮೆಲ್ಲಗೆ ಹಿಂಡಿದರೆ ಬಾಯಿ ಬಿಟ್ಟುಕೊಳ್ಳುತ್ತದೆ. ಹಾಗೂ ಬಿಡದಿದ್ದರೆ ಮತ್ತೆ ಸಂಜೆ ನೆನೆಸಿ.

ಸಿಪ್ಪೆ ಅಂಟಿಕೊಳ್ಳೋದು ಯಾಕೆ ಅಂತ ಗೊತ್ತಾದರೆ ಮುಂದಿನ ಸಲ ಈ ತೊಂದರೆ ಕಡಿಮೆ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಹೇಳ್ತೀನಿ. ಬೇರು ಹೊರಟ ಜಾಗದಲ್ಲಿ, ಕಾಂಡದ ಕೆಳ ಬದಿಗೆ, ಹಿಮ್ಮಡಿಯಂಥ ಒಂದು ಪುಟ್ಟ ಗಂಟು ಬೆಳೆಯುತ್ತದೆ. ಆ ಗಂಟು ಸಿಪ್ಪೆಯ ಕೆಳಗಿನ ಅರ್ಧವನ್ನು ಒತ್ತಿ ಹಿಡಿಯುತ್ತದೆ, ಅಷ್ಟರಲ್ಲಿ ಕಾಂಡ ಕೊಕ್ಕೆಯಂತೆ ಬಾಗಿ ಮೇಲಕ್ಕೆ ಎಳೆಯುತ್ತದೆ, ಬೇಳೆ ಸಿಪ್ಪೆಯೊಳಗಿಂದ ಜಾರಿ ಬರುತ್ತದೆ. ಒಂದು ಕಾಲಲ್ಲಿ ಚಪ್ಪಲಿ ಮೆಟ್ಟಿ ಹಿಡಿದು ಇನ್ನೊಂದು ಕಾಲು ಬಿಡಿಸಿಕೊಳ್ತೀವಲ್ಲ, ಹಾಗೆ. ಚಾರ್ಲ್ಸ್ ಡಾರ್ವಿನ್ 1880ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. 1998ರಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಸೌತೆ ಬೀಜ ಮೊಳೆಸಿದಾಗ, ಅಲ್ಲಿ ಮೇಲೆ ಕೆಳಗೆ ಅನ್ನೋದೇ ಗೊತ್ತಾಗದೆ ಗಂಟು ಎರಡೂ ಬದಿಗೆ ಬಂತು! ಭೂಮಿಯ ಸೆಳೆತ ನೋಡಿಕೊಂಡೇ ಸಸಿ ಒಂದು ಬದಿಯ ಗಂಟನ್ನು ಕೈಬಿಡುತ್ತದೆ.

ಹಾಗಾಗಿ ಬೀಜವನ್ನು ಮಲಗಿಸಿ ಊರಿ, ಒಂದು ಇಂಚು ಆಳಕ್ಕೆ. ತೀರಾ ಮೇಲೆ ಹಾಕಿದರೆ ಸಿಪ್ಪೆಯನ್ನು ಒತ್ತಿ ಹಿಡಿಯಲು ಮಣ್ಣಿನ ಭಾರ ಸಾಲದು, ಮೇಲ್ಮಣ್ಣು ಒಣಗಿದರೆ ಸಿಪ್ಪೆ ಬಿರುಸಾಗುತ್ತದೆ. ನಿಮ್ಮದರಲ್ಲಿ ಆಗಿರೋದು ಬಹುಶಃ ಇದೇ.

ಈಗ ನಿಜವಾಗಿ ಹುಷಾರಾಗಿರಬೇಕಾದ್ದು ಕೆಂಪು ದುಂಬಿಗೆ. ಕಿತ್ತಳೆ ಕೆಂಪು ಬಣ್ಣ, ಅಕ್ಕಿ ಕಾಳಿನಷ್ಟು ಉದ್ದ. ಬೇಳೆ ಇರುವಾಗಲೇ ಬಂದು ತೂತು ತೂತು ಮಾಡಿ ಜರಡಿ ಮಾಡಿಬಿಡುತ್ತದೆ. ನಾವು ಸಾಗರದ ಕಡೆಯವರು, ಮಳೆಗಾಲ ಶುರುವಾಗುವಾಗ ಹಿತ್ತಲಲ್ಲಿ ಗುಣಿ ಮಾಡಿ ಹಾಕ್ತೀವಿ. ಒಂದು ವರ್ಷ ಎರಡು ದಿನ ಊರಲ್ಲಿ ಇರಲಿಲ್ಲ, ಬಂದು ನೋಡಿದರೆ ಹನ್ನೆರಡು ಸಸಿಯಲ್ಲಿ ಮೂರು ಉಳಿದಿತ್ತು. ತುಂಬ ಬೇಜಾರಾಯಿತು. ಅಂದಿನಿಂದ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಒಲೆ ಬೂದಿ ತೆಳ್ಳಗೆ ಉದುರಿಸ್ತೀನಿ, ಆಗ ಅದು ಎಲೆಗೆ ಅಂಟುತ್ತದೆ. ಆ ಹೊತ್ತಲ್ಲಿ ದುಂಬಿಯೂ ಮಂಕಾಗಿರುತ್ತದೆ, ಕೈಯಲ್ಲೇ ಹಿಡಿಯಬಹುದು. ಮಳೆ ಬಂದು ತೊಳೆದರೆ ಮತ್ತೆ ಹಾಕಬೇಕು. ಮೂರು ನಾಲ್ಕು ಒರಟು ಎಲೆ ಬಂದ ಮೇಲೆ ದುಂಬಿ ತಿಂದರೂ ಬಳ್ಳಿ ತಡೆದುಕೊಳ್ಳುತ್ತದೆ.

ನಾಲ್ಕು ಸಸಿಯನ್ನೂ ಒಂದೇ ಕುಂಡದಲ್ಲಿ ಬಿಡಬೇಡಿ. ಗಟ್ಟಿಯಾದ ಒಂದನ್ನು ಉಳಿಸಿ. ಬೇರೆ ಕಡೆ ನೆಡೋದಾದರೆ ಈಗಲೇ, ಒಂದೆರಡು ಎಲೆ ಇರುವಾಗಲೇ, ಮಣ್ಣಿನ ಹೆಂಟೆ ಸಮೇತ ಎತ್ತಿ. ಕುಂಬಳದ ಬೇರಿಗೆ ಕೈ ಹಾಕಿದರೆ ಆಗಿಬರಲ್ಲ. ಅದಕ್ಕೇ ನಾನು ಬೀಜವನ್ನು ಅಡಿಕೆ ಹಾಳೆಯ ದೊನ್ನೆಯಲ್ಲಿ ಹಾಕಿ, ದೊನ್ನೆ ಸಮೇತ ಗುಣಿಗೆ ಇಡ್ತೀನಿ, ಅಡಿ ಮಾತ್ರ ಕತ್ತರಿಸಿ.

ಒಂದು ಮಾತು ಮರೆತಿದ್ದೆ. ಅಂಗಡಿ ಕಾಯಿಯ ಬೀಜವಾದ್ದರಿಂದ ಅಂಥದ್ದೇ ಕಾಯಿ ಬರುತ್ತದೆ ಅನ್ನೋ ಖಾತ್ರಿ ಇಲ್ಲ, ಅದು ಹೈಬ್ರಿಡ್ ಇರಬಹುದು, ಜೇನು ಬೇರೆ ಬಳ್ಳಿಯ ಪರಾಗ ತಂದಿರಬಹುದು. ಬಂದ ಕಾಯಿ ಕಹಿ ಇದ್ದರೆ ತಿನ್ನಬೇಡಿ. ಖಾತ್ರಿ ಬೇಕಾದರೆ ಮುಂದಿನ ಸಲ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಹಾಕಿ ನೋಡಿ, ಕಾಯಿ 2–3 ಕೆಜಿ ಬರುತ್ತದೆ, ಸಣ್ಣ ಸಂಸಾರಕ್ಕೆ ಸರಿ. ಈ ಸಲದ ಸಸಿಗಳನ್ನೂ ಬಿಡಬೇಡಿ, ಮೊದಲು ಆ ಸಿಪ್ಪೆಗೆ ನೀರು ಹನಿಸಿ.