ಪ್ರವಾಸದಿಂದ ಮರಳಿದ ಮೇಲೆ ಮನೆ ಒಗ್ಗದೇ ಹೋದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ನಲವತ್ತರ ಆಸುಪಾಸಿನ ಮಹಿಳೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಹೈಸ್ಕೂಲು ಓದುವ ಮಗ. ಬಹಳ ವರ್ಷಗಳ ನಂತರ ಗಂಡ, ಮಗನ ಜೊತೆ ದೊಡ್ಡ ಪ್ರವಾಸ ಮುಗಿಸಿ ಬಂದಿದ್ದರು. "ವಾಪಸ್ ಬಂದಾಗಿನಿಂದ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಅಲ್ಲಿ ನಾನು ಬೇರೆಯೇ ಮನುಷ್ಯಳಾಗಿದ್ದೆ" ಎಂದರು. ಕೆಲಸ ಬಿಟ್ಟು ಊರೂರು ಸುತ್ತುವ ಯೋಚನೆ ತಲೆಗೆ ಹೊಕ್ಕಿತ್ತು. ಮನೆಯವರು 'ದೂರದ ಬೆಟ್ಟ ನುಣ್ಣಗೆ' ಎಂದು ಕೈತೊಳೆದುಕೊಂಡಿದ್ದರು. ಆ ಮಾತು ಅವರನ್ನು ಚುಚ್ಚಿತ್ತು, ತಾನು ಅನುಭವಿಸಿದ್ದೆಲ್ಲ ಭ್ರಮೆ ಎಂದಂತೆ.

ಮೊದಲು ಖಿನ್ನತೆಯ ಲಕ್ಷಣಗಳಿವೆಯೇ ಎಂದು ವಿಚಾರಿಸಿದೆ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಹುತೇಕ ದಿನವಿಡೀ ಬೇಸರ, ನಿರಾಸಕ್ತಿ, ನಿದ್ದೆ ಹಸಿವಿನ ಏರುಪೇರು ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಇವರಲ್ಲಿ ಅಂಥದ್ದೇನೂ ಕಾಣಲಿಲ್ಲ.

ಪ್ರವಾಸದ ಖುಷಿ ಬೇಗ ಇಳಿಯುವುದು ಸಹಜ ಎಂದು ಹೇಳಿದೆ. ನೆದರ್‌ಲೆಂಡ್ಸ್‌ನ 1,500ಕ್ಕೂ ಹೆಚ್ಚು ವಯಸ್ಕರನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಜೆಗೆ ಹೋಗಿಬಂದವರು ಹೋಗದವರಿಗಿಂತ ಹೆಚ್ಚು ಸಂತೋಷವಾಗಿಯೇನೂ ಇರಲಿಲ್ಲ. ತೀರಾ ನಿರಾಳವಾಗಿ ರಜೆ ಕಳೆದವರಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಅವರು ನಿಟ್ಟುಸಿರು ಬಿಟ್ಟು, "ಹಾಗಾದರೆ ನನಗೊಬ್ಬಳಿಗೇ ಅಲ್ಲ" ಎಂದರು.

ಮುಂದಿನ ಭೇಟಿಗೆ ಪ್ರವಾಸದ ಫೋಟೊಗಳನ್ನು ತರಲು ಹೇಳಿದ್ದೆ. ನೂರಾರು ಇದ್ದವು. ಪ್ರಸಿದ್ಧ ಸ್ಥಳಗಳನ್ನು ಬದಿಗಿಟ್ಟು, ಅಳಿಸಲು ಮನಸ್ಸೇ ಬಾರದ ಕೆಲವನ್ನು ಆರಿಸಿ ಎಂದೆ. ಅವರು ಆರಿಸಿದ್ದು ನನಗೂ ಆಶ್ಚರ್ಯ ತಂದಿತು. ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಚಪ್ಪಲಿ ಹೊಲಿಯುತ್ತಿದ್ದ ಮುದುಕ. ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಚೀಲಕ್ಕೆ ಒರಗಿ ಕೂತ ಮಗ, ಅದೂ ಬೆನ್ನು ಮಾತ್ರ, ಅಲುಗಾಡಿದ ಚಿತ್ರ.

ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿದೆ: ಆ ಹೊತ್ತಿನಲ್ಲಿ ನೀವು ಏನು ಮಾಡುತ್ತಿದ್ದಿರಿ? ಮುದುಕನ ಎದುರು ಸುಮ್ಮನೆ ನಿಂತು ನೋಡಿದ್ದರು, ಸನ್ನೆಯಲ್ಲೇ ಮಾತಾಡಿಸಿದ್ದರು. ರೈಲು ತಡವಾಗಿತ್ತು, ಫೋನಿನ ಚಾರ್ಜು ಮುಗಿದಿತ್ತು, ಮಗ ತನ್ನನ್ನು ಬಿಟ್ಟುಹೋದ ಗೆಳೆಯನ ವಿಷಯ ಮೊದಲ ಸಲ ಬಾಯಿಬಿಟ್ಟಿದ್ದ. ಹೇಳುತ್ತ ಹೇಳುತ್ತ ಗಂಟಲು ಕಟ್ಟಿತು. "ಇದಕ್ಕೆಲ್ಲ ಅಷ್ಟು ದೂರ ಹೋಗಬೇಕಿರಲಿಲ್ಲ, ಅಲ್ಲವೇ?"

ಈ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಮನೆಯಲ್ಲಿ ದಿನಚರಿಯೇ ನಮ್ಮನ್ನು ಎಳೆದೊಯ್ಯುತ್ತದೆ. ಹೊಸ ಜಾಗದಲ್ಲಿ ಆ ಹಿಡಿತ ಸಡಿಲವಾಗಿ, ನೋಡಲೇಬೇಕು, ಕೇಳಲೇಬೇಕು, ಕಾಯಲೇಬೇಕು. ಹೋಗಿದ್ದರಿಂದಲೇ ತನ್ನಲ್ಲಿ ಇಷ್ಟು ಗಮನ, ಇಷ್ಟು ಸಹನೆ ಇದೆ ಎಂದು ಅವರಿಗೆ ಗೊತ್ತಾಯಿತು. ಅದು ಅವರದ್ದೇ ಗುಣ. ಆ ಊರಿನಲ್ಲಿ ಬಿಟ್ಟು ಬಂದದ್ದಲ್ಲ.

ಆದರೆ 'ಇನ್ನು ಮುಂದೆ ಗಮನ ಕೊಡುತ್ತೇನೆ' ಎಂಬ ಬರೀ ಸಂಕಲ್ಪ ಸೋಮವಾರದ ಗಡಿಬಿಡಿಯಲ್ಲಿ ಕರಗಿಹೋಗುತ್ತದೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಬರೆದ 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂಬ ಬಗೆಯ ಯೋಜನೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಮಹಿಳೆ ಬರೆದುಕೊಂಡದ್ದು: "ರಾತ್ರಿ ಊಟ ಮುಗಿದ ಕೂಡಲೇ ಫೋನು ಮನೆಯಲ್ಲಿಟ್ಟು ಮಗನ ಜೊತೆ ಒಂದು ಸುತ್ತು ನಡೆಯುತ್ತೇನೆ." ಇನ್ನೊಂದು: ಕಚೇರಿಯ ಬಾಗಿಲಲ್ಲಿ ವರ್ಷಗಟ್ಟಲೆ ತಲೆಯಾಡಿಸಿ ದಾಟಿಹೋಗಿದ್ದ ಕಾವಲುಗಾರರ ಹೆಸರು ಕೇಳುವುದು.

ಕೃತಜ್ಞರಾಗಿರಬೇಕೆನಿಸುವ ಸಂಗತಿಗಳನ್ನು ಬರೆದಿಡುವ 'ಕೃತಜ್ಞತೆಯ ಡೈರಿ'ಯನ್ನು ಆಗಲೇ ಶುರು ಮಾಡಿದ್ದರು, ದಿನಾ ಮೂರು ಅಂಶ. ಅದು ಹೋಂವರ್ಕಿನಂತಾಗಿತ್ತು. ವಾರಕ್ಕೆ ಮೂರು ಸಲ ಬರೆದವರಿಗಿಂತ ಒಮ್ಮೆ ಬರೆದವರಿಗೇ ಹೆಚ್ಚು ಪ್ರಯೋಜನವಾದದ್ದನ್ನು ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ವಾರಕ್ಕೊಂದೇ ಸಂಗತಿ ಸಾಕು, ಆದರೆ ವಿವರವಾಗಿ ಬರೆಯಿರಿ ಎಂದೆ.

ಕೆಲಸದ ವಿಷಯವನ್ನು ಇದರೊಳಗೆ ಕಲಸಲು ನಾನು ಬಿಡಲಿಲ್ಲ. ಕೆದಕಿದಾಗ ತಿಳಿದದ್ದು, ತಿಂಗಳ ಕೊನೆಯ ಲೆಕ್ಕವೆಲ್ಲ ಅವರೊಬ್ಬರ ತಲೆಗೇ ಬೀಳುತ್ತಿತ್ತು. ಪ್ರವಾಸಕ್ಕೆ ಮೊದಲೂ ಅದು ಅನ್ಯಾಯವೇ. ಇರುವುದರಲ್ಲಿ ಸಂತೋಷಪಡಿ ಎಂಬ ಉಪದೇಶವನ್ನು ಇಂಥ ಕಡೆ ಹೇಳುವುದು ಆ ವ್ಯಕ್ತಿಗೆ ಮಾಡುವ ಎರಡನೇ ಅನ್ಯಾಯ. ರಾಜೀನಾಮೆಯ ತೀರ್ಮಾನವನ್ನು ಮೂರು ತಿಂಗಳು ಮುಂದೂಡಿ, ಅಷ್ಟರಲ್ಲಿ ಕೆಲಸ ಹಂಚಲು ಮೇಲಧಿಕಾರಿಯನ್ನು ಸ್ಪಷ್ಟವಾಗಿ ಕೇಳಿ ಎಂದು ಸಲಹೆ ಕೊಟ್ಟೆ.

ಮೊದಲ ವಾರ ಮಗ ನಡೆಯಲು ಬರಲಿಲ್ಲ. ಅವರು ಒಬ್ಬರೇ ಹೋದರು. ಆಮೇಲೆ ಬಂದ, ಆಗಾಗ ತಪ್ಪಿಸಿದ. ಲೆಕ್ಕದಲ್ಲಿ ಅರ್ಧ ಬೇರೆಯವರ ಪಾಲಿಗೆ ಹೋಗಿದೆ. ಕೆಲಸ ಬಿಡುವ ಯೋಚನೆ ಪೂರ್ತಿ ಹೋಗಿಲ್ಲ, ಆದರೆ ಈಗ ಅದು ಬರೀ ಕೆಲಸದ ಪ್ರಶ್ನೆ. ಮುಂದಿನ ಪ್ರವಾಸದ ತಯಾರಿ ನಡೆದಿದೆ: ಈ ಸಲ ನೋಡುವ ಊರುಗಳು ಕಡಿಮೆ, ತಂಗುವ ದಿನಗಳು ಹೆಚ್ಚು.