ಸೈಪ್ರಸ್‌ಗೆ ಹೊರಟಿರುವ ನಿಮಗೆ, ಊರು ಸೀಳಿದ ಆ ಗೆರೆಯ ಬಗ್ಗೆ

ನಮಸ್ಕಾರ. ಮುಂದಿನ ತಿಂಗಳು ಸೈಪ್ರಸ್ ರಾಜಧಾನಿ ನಿಕೋಸಿಯಾಕ್ಕೆ ಕೆಲಸಕ್ಕೆ ಬರ್ತಿದ್ದೀರಿ. ಅಲ್ಲಿ ಯುದ್ಧದ ಭಯ ಇದೆಯಾ, ಉತ್ತರದ ಕಡೆ ಬಾಡಿಗೆ ಅಗ್ಗವಂತೆ ಅಲ್ಲೇ ಮನೆ ಹಿಡಿಯಬಹುದಾ, ಆಫೀಸಿನಲ್ಲಿ ಈ ಗ್ರೀಕ್-ಟರ್ಕಿ ಜಗಳದ ಬಗ್ಗೆ ಮಾತಾಡಬಹುದಾ ಅಂತ ಕೇಳಿದ್ದೀರಿ. ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಸಂಬಳ ಮತ್ತು ವೀಸಾ ಬಿಟ್ಟು ಬೇರೇನೂ ಕೇಳೋದಿಲ್ಲ. ನೀವು ಕೇಳಿದಿರಿ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ದಿನದ ಬದುಕಿನಲ್ಲಿ ಭಯ ಇಲ್ಲ. 1974ರ ಆಗಸ್ಟ್‌ನಲ್ಲಿ ಕದನವಿರಾಮ ಆದಮೇಲೆ ಇಲ್ಲಿ ಮತ್ತೆ ಯುದ್ಧ ನಡೆದಿಲ್ಲ. ಆದರೆ ಶಾಂತಿ ಒಪ್ಪಂದವೂ ಆಗಿಲ್ಲ. ದ್ವೀಪದ ಅಡ್ಡಕ್ಕೆ ಸುಮಾರು 180 ಕಿಲೋಮೀಟರ್ ಉದ್ದದ ತಟಸ್ಥ ವಲಯ ಇದೆ, ಅದನ್ನು ವಿಶ್ವಸಂಸ್ಥೆಯ ಪಡೆ ಕಾಯುತ್ತೆ. ಕೆಲವು ಕಡೆ ಅದು ಏಳು ಕಿಲೋಮೀಟರ್ ಅಗಲ, ನಿಕೋಸಿಯಾದ ಹಳೇ ಪೇಟೆಯಲ್ಲಿ ಒಂದು ಗಲ್ಲಿಯಷ್ಟೇ. ಪ್ರತಿ ವರ್ಷ ಜುಲೈ 15ರ ಬೆಳಿಗ್ಗೆ 8:20ಕ್ಕೆ, ಜುಲೈ 20ರ ನಸುಕಿನಲ್ಲಿ 5:30ಕ್ಕೆ ಊರಿಡೀ ಸೈರನ್ ಕೂಗುತ್ತೆ. ಹೆದರಬೇಡಿ. ಮೊದಲನೆಯದು 1974ರ ಸೇನಾ ದಂಗೆಯ ನೆನಪಿಗೆ, ಎರಡನೆಯದು ಟರ್ಕಿಯ ಸೈನ್ಯ ಬಂದಿಳಿದ ಗಳಿಗೆಗೆ.

ಇಲ್ಲಿನವರು ತಮ್ಮ ನೋವು ಹೇಳಿಕೊಳ್ಳುವಾಗ ಯಾವ ವರ್ಷದಿಂದ ಶುರು ಮಾಡ್ತಾರೆ ಅನ್ನೋದನ್ನು ಗಮನಿಸಿ. ದಕ್ಷಿಣದ ಗ್ರೀಕ್ ಸೈಪ್ರಿಯಟ್ (ಗ್ರೀಕ್ ಮಾತಾಡುವ ಸೈಪ್ರಸ್‌ನವರು) ಆದರೆ 1974. ಉತ್ತರದ ಟರ್ಕಿಶ್ ಸೈಪ್ರಿಯಟ್ (ಟರ್ಕಿಶ್ ಮಾತಾಡುವವರು) ಆದರೆ 1963. ಎರಡೂ ನಿಜ. ನೀವು ದಕ್ಷಿಣದಲ್ಲಿ ಇರ್ತೀರಿ, 1974 ನಿಮಗೆ ದಿನಾ ಕೇಳಿಸುತ್ತೆ. 1963ನ್ನು ನೀವೇ ಹುಡುಕಿಕೊಂಡು ತಿಳಿಯಬೇಕು.

ಬ್ರಿಟಿಷರು 1878ರಲ್ಲಿ ಒಟ್ಟೊಮನ್ನರ ಕೈಯಿಂದ ಈ ದ್ವೀಪದ ಆಡಳಿತ ವಹಿಸಿಕೊಂಡರು. 1955ರಲ್ಲಿ ಅವರ ವಿರುದ್ಧ ಬಂದೂಕು ಎತ್ತಿದ ಗ್ರೀಕ್ ಸೈಪ್ರಿಯಟರ ಇಯೋಕಾ ಸಂಘಟನೆಗೆ ಬೇಕಿದ್ದದ್ದು ನಾವು ಅಂದುಕೊಳ್ಳುವಂಥ ಸ್ವಾತಂತ್ರ್ಯ ಅಲ್ಲ, ಗ್ರೀಸ್ ಜೊತೆ ವಿಲೀನ. ಹಾಗಾದರೆ ನಮ್ಮ ಗತಿ ಏನು ಅಂತ ಟರ್ಕಿಶ್ ಸೈಪ್ರಿಯಟರು ದ್ವೀಪವನ್ನೇ ಹಂಚಿಕೊಡಿ ಅಂದರು. 1960ರಲ್ಲಿ ಸಿಕ್ಕ ಗಣರಾಜ್ಯ ಇಬ್ಬರೂ ಕೇಳದೇ ಇದ್ದದ್ದು. ಗ್ರೀಕರಿಂದ ಅಧ್ಯಕ್ಷ, ಟರ್ಕಿಶರಿಂದ ವೀಟೊ ಇರುವ ಉಪಾಧ್ಯಕ್ಷ, ಸರ್ಕಾರಿ ನೌಕರಿ 70ಕ್ಕೆ 30. ಮೇಲಿಂದ ಬ್ರಿಟನ್, ಗ್ರೀಸ್, ಟರ್ಕಿ ಮೂವರ ಜಾಮೀನು. ಮೂರೇ ವರ್ಷ ನಡೆಯಿತು. 1963ರ ಡಿಸೆಂಬರ್‌ನಲ್ಲಿ ಹೊಡೆದಾಟ, ಕೊಲೆ. ಸಾವಿರಾರು ಟರ್ಕಿಶ್ ಸೈಪ್ರಿಯಟರು ತಮ್ಮ ಹಳ್ಳಿ ಬಿಟ್ಟು ಸಣ್ಣ ಸಣ್ಣ ಕೇರಿಗಳಲ್ಲಿ ಇಕ್ಕಟ್ಟಿನಲ್ಲಿ ಬದುಕಿದರು. ಆಗಲೇ ಒಬ್ಬ ಬ್ರಿಟಿಷ್ ಸೇನಾಧಿಕಾರಿ ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು. ಈಗಲೂ ಅದು ಗ್ರೀನ್ ಲೈನ್.

ನಮ್ಮ ಜನರಲ್ ತಿಮ್ಮಯ್ಯ ಬಂದದ್ದು ಆ ಹೊತ್ತಿನಲ್ಲಿ. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದವರು, 1964ರ ಜುಲೈನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆದರು. ಮರುತಿಂಗಳೇ ಟರ್ಕಿಯ ವಿಮಾನಗಳು ವಾಯವ್ಯ ಕರಾವಳಿಯಲ್ಲಿ ಬಾಂಬ್ ಹಾಕಿದವು. ಅಂಥ ದಿನಗಳಲ್ಲಿ ಎರಡೂ ಕಡೆಯವರ ಜೊತೆ ಕೂತು ಮಾತಾಡಬೇಕಿತ್ತು ಅವರು. 1965ರ ಡಿಸೆಂಬರ್ 18ರಂದು ಇಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಲಾರ್ನಕಾದಲ್ಲಿ ಅವರ ಹೆಸರಿನ ರಸ್ತೆ ಇದೆ. ನಾನು ಮೊದಲ ಸಲ ಆ ಹಲಗೆ ಓದಿ ರಸ್ತೆಯ ಮಧ್ಯೆಯೇ ನಿಂತುಬಿಟ್ಟಿದ್ದೆ, ಅಷ್ಟು ಹೆಮ್ಮೆ ಆಯಿತು.

1974ರಲ್ಲಿ ಆದದ್ದು ಇನ್ನೂ ದೊಡ್ಡ ಪೆಟ್ಟು. ಗ್ರೀಸ್‌ನ ಸೇನಾ ಸರ್ಕಾರ ಇಲ್ಲಿನ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ಅವರನ್ನು ಕೆಳಗಿಳಿಸಿತು. ಐದು ದಿನಕ್ಕೆ ಟರ್ಕಿ ಸೈನ್ಯ ಇಳಿಸಿತು, ಆಗಸ್ಟ್ ಹೊತ್ತಿಗೆ ಮೂರನೇ ಒಂದಕ್ಕಿಂತ ಹೆಚ್ಚು ನೆಲ ಅದರ ಕೈಯಲ್ಲಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು, ದಕ್ಷಿಣದ ಟರ್ಕಿಶ್ ಸೈಪ್ರಿಯಟರು ಉತ್ತರಕ್ಕೆ ಹೋದರು. 1963-64 ಮತ್ತು 1974ರಲ್ಲಿ ಕಾಣೆಯಾದವರು 2002 ಮಂದಿ, ಅವರಲ್ಲಿ 1510 ಗ್ರೀಕ್, 492 ಟರ್ಕಿಶ್. ಎರಡೂ ಕಡೆಯ ವಿಜ್ಞಾನಿಗಳು ಒಂದೇ ಪ್ರಯೋಗಾಲಯದಲ್ಲಿ ಕೂತು ಮೂಳೆ ಗುರುತಿಸ್ತಾರೆ. ಅರ್ಧಕ್ಕಿಂತ ಹೆಚ್ಚು ಜನರ ಅವಶೇಷ ಮನೆಯವರಿಗೆ ಸಿಕ್ಕಿದೆ. ಈ ದ್ವೀಪದಲ್ಲಿ ನನಗೆ ಅತ್ಯಂತ ಗೌರವ ಇರುವ ಕೆಲಸ ಇದು.

ನಮ್ಮ ಮನೆ ಮಾಲೀಕರಾದ ಅಮ್ಮ ಉತ್ತರದ ಮೋರ್ಫೂ ಕಡೆಯವರು, ಕಿತ್ತಳೆ ತೋಟದವರು. 2003ರ ಏಪ್ರಿಲ್‌ನಲ್ಲಿ ಮೊದಲ ಸಲ ಗೆರೆ ದಾಟಲು ಬಿಟ್ಟಾಗ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ತಮ್ಮ ಮನೆ ನೋಡಲು ಹೋದರಂತೆ. ಬಾಗಿಲು ತೆರೆದ ಹೆಂಗಸು ಪಾಫೋಸ್ ಕಡೆಯಿಂದ ಓಡಿಬಂದಿದ್ದ ಟರ್ಕಿಶ್ ಸೈಪ್ರಿಯಟ್. ಒಳಗೆ ಕರೆದು ಕಾಫಿ ಕೊಟ್ಟು, ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಇವರ ಮದುವೆ ಫೋಟೋ ತಂದು ಕೈಗಿಟ್ಟರು. ಆಮೇಲೆ ಆ ಹೆಂಗಸು ತಮ್ಮ ಹಳ್ಳಿ ನೋಡಲು ಪಾಫೋಸ್‌ಗೆ ಬಂದಾಗ ಇವರೇ ಜೊತೆಗೆ ಹೋದರು. ಅಲ್ಲಿ ಗೋಡೆ ಇತ್ತು, ಸೂರು ಬಿದ್ದಿತ್ತು. "ಅವಳ ಮುಂದೆ ನನಗೆ ನನ್ನ ಮನೆ ಕೊಡು ಅಂತ ಹೇಗೆ ಕೇಳಲಿ? ಹಾಗಂತ ಅದು ನನ್ನ ಮನೆ ಅಲ್ಲ ಅಂತ ಹೇಗೆ ಹೇಳಲಿ?" ಅಂತ ಕಣ್ಣು ಒರೆಸಿಕೊಂಡರು. 2004ರ ಜನಮತಗಣನೆಯಲ್ಲಿ ಒಂದಾಗುವ ಯೋಜನೆಗೆ ಟರ್ಕಿಶ್ ಸೈಪ್ರಿಯಟರಲ್ಲಿ ಶೇ. 65 ಹೌದು ಅಂದರು, ಗ್ರೀಕರಲ್ಲಿ ಶೇ. 76 ಬೇಡ ಅಂದರು. ಹೊರಗಿನವರು ಅದನ್ನು ಹಟ ಅಂತಾರೆ. ಈ ಅಮ್ಮನ ಮಾತು ಕೇಳಿದ ಮೇಲೆ ನಾನು ಹಾಗನ್ನಲಾರೆ.

ಹಾಗಾಗಿ ಆಫೀಸಿನಲ್ಲಿ ಮಾತಾಡಿ, ಆದರೆ ತೀರ್ಪು ಕೊಡಬೇಡಿ. ಕಾಶ್ಮೀರ, ದೇಶವಿಭಜನೆ ಅಂತ ಹೋಲಿಕೆ ತೆಗೆದು ಬುದ್ಧಿ ಹೇಳೋದು ನಮ್ಮವರ ದೊಡ್ಡ ಚಾಳಿ, ಅದು ಬೇಡ. ನಿಮ್ಮ ಊರು ಯಾವುದು ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ.

ಉತ್ತರದಲ್ಲಿ ಮನೆ ಮಾತ್ರ ಹಿಡಿಯಬೇಡಿ. 1983ರಲ್ಲಿ ಘೋಷಿಸಿಕೊಂಡ ಆ ದೇಶವನ್ನು ಟರ್ಕಿ ಬಿಟ್ಟರೆ ಯಾರೂ ಒಪ್ಪಿಲ್ಲ. ನಿಮ್ಮ ವಾಸದ ಪರವಾನಗಿ ದಕ್ಷಿಣದ ಸೈಪ್ರಸ್ ಗಣರಾಜ್ಯ ಕೊಟ್ಟದ್ದು, ಅದರ ಆಡಳಿತ ಅಲ್ಲಿ ನಡೆಯೋದಿಲ್ಲ, ಯುರೋಪಿಯನ್ ಒಕ್ಕೂಟದ ಕಾನೂನೂ ಅಲ್ಲಿ ಅಮಾನತಿನಲ್ಲಿದೆ. ಅಗ್ಗದ ಸೈಟು, ಫ್ಲಾಟು ಅಂತ ಯಾರಾದರೂ ತೋರಿಸಿದರೆ ಮುಟ್ಟಲೇಬೇಡಿ. ಅದು ಇನ್ನೊಬ್ಬರು ಬಿಟ್ಟು ಓಡಿದ ನೆಲ ಇರಬಹುದು, ಅಂಥ ಖರೀದಿಗಳು ಯುರೋಪಿನ ನ್ಯಾಯಾಲಯದವರೆಗೂ ಹೋಗಿವೆ. ಉತ್ತರದ ಎರ್ಜಾನ್ ವಿಮಾನ ನಿಲ್ದಾಣಕ್ಕೆ ಟಿಕೆಟ್ ಮಾಡಿಸಬೇಡಿ, ಗಣರಾಜ್ಯದ ಲೆಕ್ಕದಲ್ಲಿ ಅದು ಅಕ್ರಮ ಪ್ರವೇಶ. ಲಾರ್ನಕಾ ಅಥವಾ ಪಾಫೋಸ್‌ಗೇ ಇಳಿಯಿರಿ.

ನೋಡಲು ಮಾತ್ರ ಖಂಡಿತ ಹೋಗಿ. ದಾಟುವ ಮೊದಲು ನಿಮ್ಮ ಪರವಾನಗಿ ತೋರಿಸಿ, ವಾಪಸ್ ಬರಲು ತೊಂದರೆ ಇಲ್ಲ ತಾನೇ ಅಂತ ಈ ಕಡೆಯ ಪೊಲೀಸರನ್ನೇ ಕೇಳಿ. ಲೆಡ್ರಾ ಬೀದಿಯಲ್ಲಿ ನಡೆದೇ ದಾಟಬಹುದು. ಐಸ್‌ಕ್ರೀಮ್ ಅಂಗಡಿ ಮುಗಿದದ್ದೇ ಒಂದು ಪೊಲೀಸ್ ಗೂಡು, ಆಮೇಲೆ ಮುಚ್ಚಿದ ಕಿಟಕಿಗಳ ಸಾಲು, ಆಚೆ ಇನ್ನೊಂದು ಗೂಡು. ಫೋಟೋ ಬೇಡ ಅಂತ ಹಲಗೆ ಇರುವ ಕಡೆ ಮೊಬೈಲ್ ಎತ್ತಬೇಡಿ. ರೋಮಿಂಗ್ ಆಫ್ ಮಾಡಿ. ಮುಂದೆ ಸೆಲಿಮಿಯೆ ಮಸೀದಿ, ಫ್ರೆಂಚ್ ರಾಜರ ಕಾಲದಲ್ಲಿ ಸಂತ ಸೋಫಿಯಾ ಚರ್ಚ್ ಆಗಿದ್ದದ್ದು.

ಸಸ್ಯಾಹಾರಿಗಳಾದರೆ ಚಿಂತೆ ಬೇಡ. ಈಸ್ಟರ್ ಮುಂಚಿನ ಏಳು ವಾರದ ಉಪವಾಸದಲ್ಲಿ ಗ್ರೀಕರು ಮಾಂಸ, ಹಾಲು, ಮೊಟ್ಟೆ ಬಿಡ್ತಾರೆ, ಹೋಟೆಲಿನಲ್ಲೂ ಆ ಊಟ ಸಿಗುತ್ತೆ. ಸೊಪ್ಪು ಹಾಕಿ ಬೇಯಿಸಿದ ಅಲಸಂದೆ ಕಾಳಿಗೆ ಆಲಿವ್ ಎಣ್ಣೆ, ನಿಂಬೆರಸ ಹಿಂಡಿ ಕೊಡ್ತಾರೆ, ವರ್ಷವಿಡೀ ಮಾಡ್ತಾರೆ. ಹಲೂಮಿ ಚೀಸ್ ಎರಡೂ ಕಡೆಯವರದು.

ಬಾಡಿಗೆಗೆ ಸ್ಟ್ರೊವೊಲೊಸ್, ಅಗ್ಲಾಂಜಿಯಾ, ಎಂಗೊಮಿ ಬಡಾವಣೆಗಳನ್ನು ನೋಡಿ. ಬಸ್ಸು ಕಡಿಮೆ, ರೈಲು ಇಲ್ಲವೇ ಇಲ್ಲ, ಗಾಡಿ ಮಾತ್ರ ನಮ್ಮಂತೆ ಎಡಗಡೆಯೇ ಓಡಿಸೋದು. ಆಫೀಸು ಯಾವ ಬಡಾವಣೆಯಲ್ಲಿದೆ ಅಂತ ಬರೆಯಿರಿ, ಹತ್ತಿರದಲ್ಲಿ ಯಾವುದಾದರೂ ಮನೆ ಖಾಲಿ ಇದೆಯಾ ಅಂತ ನಮ್ಮ ಮಾಲೀಕರನ್ನೂ ಕೇಳಿ ತಿಳಿಸ್ತೀನಿ.